ಒಂದು ದಿನ ಏಳುವ, ಒಂದು ದಿನ ಏಳದ ಲ್ಯಾಪ್‌ಟಾಪು

ಮಲೆನಾಡಿನ ಉಪಾಧ್ಯಾಯರೊಬ್ಬರು ಪತ್ರ ಬರೆದು ಕೇಳಿದ್ದಾರೆ: ಹತ್ತು ವರ್ಷ ಹಳೆಯದಾದ ತಮ್ಮ ಲ್ಯಾಪ್‌ಟಾಪು ಒಂದು ದಿನ ಗುಂಡಿ ಒತ್ತಿದೊಡನೆ ಕೆಲಸಕ್ಕೆ ಸಿದ್ಧವಾಗುತ್ತದೆ, ಮರುದಿನ ದೀಪ ಹತ್ತಿ ಫ್ಯಾನು ತಿರುಗಿದರೂ ಪರದೆ ಕಪ್ಪಾಗಿಯೇ ಉಳಿಯುತ್ತದೆ, ರಿಪೇರಿ ಅಂಗಡಿಗೆ ಒಯ್ದರೆ ಅಲ್ಲಿ ಯಾವ ತೊಂದರೆಯೂ ಕಾಣದು, ಇದಕ್ಕೆ ಕಾರಣವೇನು? ಇಂಥ ಯಂತ್ರದಲ್ಲಿ ಯಾವುದೋ ಒಂದು ಭಾಗ ಪೂರ್ಣವಾಗಿ ನಷ್ಟವಾಗಿರದೆ, ಕೆಲಸ ಮಾಡುವ ಮತ್ತು ಮಾಡದಿರುವ ಅವಸ್ಥೆಗಳ ಎಲ್ಲೆಯಲ್ಲಿ ನಿಂತಿರುತ್ತದೆ; ಅದನ್ನು ಅತ್ತಲೋ ಇತ್ತಲೋ ನೂಕತಕ್ಕವು ಸಾಮಾನ್ಯವಾಗಿ ಉಷ್ಣತೆ, ತೇವ, ಅಲುಗಾಟಗಳೇ.

ಗುಂಡಿ ಒತ್ತಿದ ಕ್ಷಣದಲ್ಲಿ ಪ್ರೊಸೆಸರಿಗೆ ಏನೊಂದೂ ತಿಳಿದಿರುವುದಿಲ್ಲ. ಇಂಟೆಲ್ ಸಂಸ್ಥೆ 1978ರಲ್ಲಿ ಹೊರತಂದ 8086 ಎಂಬ ಪ್ರೊಸೆಸರು, ತಾನು ಎಣಿಸಬಲ್ಲ ವಿಳಾಸಗಳ ತುದಿಗಿಂತ ಕೇವಲ 16 ಬೈಟು ಹಿಂದಿನ ತಾಣದಿಂದ ಮೊದಲ ಆಜ್ಞೆಯನ್ನು ಓದಿಕೊಳ್ಳುವಂತೆ ರಚಿತವಾಗಿತ್ತು. ಅಂಥ ನಿಶ್ಚಿತ ತಾಣದಿಂದಲೇ ಆರಂಭಿಸುವ ಪದ್ಧತಿ ಅದರ ಸಂತತಿಯಲ್ಲಿ ಮುಂದುವರಿದಿದೆ. ಆ ತಾಣದಲ್ಲಿ ಸಿಗುವ ಬಯಾಸ್ ಎಂಬ ಮೂಲಕ್ರಮವಿಧಿಯ ಮೊದಮೊದಲ ಕರ್ತವ್ಯಗಳಲ್ಲಿ ಒಂದು, ಯಂತ್ರದ ತಾತ್ಕಾಲಿಕ ಸ್ಮೃತಿಯಾದ ರ‍್ಯಾಮನ್ನು ಹುಡುಕಿ ಪರೀಕ್ಷಿಸುವುದು. ಅದು ಸಿದ್ಧವಾಗುವ ತನಕ ಪರದೆಯ ಮೇಲೆ ಚಿತ್ರ ಮೂಡದು. ಆದುದರಿಂದ ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ಮೊದಲು ಶಂಕಿಸತಕ್ಕದ್ದು ರ‍್ಯಾಮನ್ನೇ.

ಈ ರ‍್ಯಾಮಿನ ಸ್ವಭಾವವನ್ನು ಅರಿಯಬೇಕಾದರೆ ಅಮೆರಿಕದ ರಾಬರ್ಟ್ ಡೆನಾರ್ಡ್ ಎಂಬ ಮಹನೀಯನನ್ನು ಸ್ಮರಿಸಬೇಕು. ಒಂದು ಬಿಟ್ ಮಾಹಿತಿಯನ್ನು ಹಿಡಿದಿಡಲು ಹಲವು ಟ್ರಾನ್ಸಿಸ್ಟರುಗಳು ಬೇಕಾಗಿದ್ದ ಕಾಲದಲ್ಲಿ, ಐಬಿಎಂ ಸಂಸ್ಥೆಯಲ್ಲಿದ್ದ ಆತ, ಒಂದೇ ಟ್ರಾನ್ಸಿಸ್ಟರೂ ಒಂದು ಪುಟ್ಟ ಕೆಪಾಸಿಟರೂ ಸಾಕೆಂದು ಕಂಡುಕೊಂಡು, 1968ರಲ್ಲಿ ಪೇಟೆಂಟ್ ಪಡೆದ. ಆ ಕೆಪಾಸಿಟರು ಒಂದು ಸೋರುವ ಗಡಿಗೆ: ತುಂಬಿದ್ದರೆ ಒಂದು, ಬರಿದಾಗಿದ್ದರೆ ಸೊನ್ನೆ, ಆದರೆ ತುಂಬಿದ ಗಡಿಗೆ ತಾನಾಗಿಯೇ ಸೋರಿ ಬರಿದಾಗುವುದರಿಂದ, ಅದು ಪೂರ್ತಿ ಇಳಿಯುವುದಕ್ಕೆ ಮುನ್ನ ಮಟ್ಟವನ್ನು ನೋಡಿ ಮತ್ತೆ ತುಂಬಿಸುತ್ತಲೇ ಇರಬೇಕು. ನಾಲ್ಕು ಗಿಗಾಬೈಟಿನ ಒಂದು ರ‍್ಯಾಮ್ ಪಟ್ಟಿಯಲ್ಲಿ ಇಂಥ ಗಡಿಗೆಗಳು 3,400 ಕೋಟಿಗೂ ಮಿಕ್ಕಿ ಇದ್ದು, ಸಾಮಾನ್ಯವಾಗಿ 64 ಮಿಲಿಸೆಕೆಂಡಿನೊಳಗೆ ಪ್ರತಿಯೊಂದಕ್ಕೂ ಮರುಪೂರಣವಾಗುತ್ತದೆಂದರೆ, ಈ ಕಲ್ಪನೆಯ ಸಾಹಸ ಎಂಥದೆಂದು ಆಶ್ಚರ್ಯವಾಗದಿರದು. ಹಾಗೆ ತುಂಬಿಸಲು ಬರುವ ಆಜ್ಞೆಯಾಗಲಿ, ಮಾಹಿತಿಯಾಗಲಿ ಪಟ್ಟಿಯನ್ನು ಸೇರುವುದು ಅದರ ಅಂಚಿನಲ್ಲಿರುವ ಚಿನ್ನದ ಲೇಪದ ಸಂಪರ್ಕಗಳ ಮೂಲಕವೇ. ಡಿಡಿಆರ್3 ಜಾತಿಯ ಲ್ಯಾಪ್‌ಟಾಪ್ ಪಟ್ಟಿಯಲ್ಲಿ ಇವು 204. ಆ ಲೇಪ ಅತ್ಯಂತ ತೆಳುವಾದುದು. ವರ್ಷಾನುವರ್ಷ ಬಿಸಿಯೇರಿ ತಣಿಯುವಾಗ ಸೂಕ್ಷ್ಮವಾಗಿ ಉಜ್ಜಿಕೊಂಡು, ಮಳೆಗಾಲದ ತೇವವೂ ಧೂಳೂ ಸೇರಿಕೊಂಡರೆ, ಒಂದು ಸಂಪರ್ಕ ಕೆಟ್ಟರೂ ಪರೀಕ್ಷೆ ವಿಫಲವಾಗಬಹುದು. ಅಂಗಡಿಯ ದಾರಿಯಲ್ಲಿ ಚೀಲದೊಳಗೆ ಅಲುಗಾಡಿದ ಪಟ್ಟಿ ಮತ್ತೆ ಸರಿಯಾಗಿ ತಾಗಿಕೊಳ್ಳುವುದು ಅಸಂಭವವೇನಲ್ಲ.

ಈ ಸಂಪರ್ಕಗಳನ್ನು ಶುಚಿಮಾಡಲು ಮೊದಲು ಚಾರ್ಜರನ್ನೂ ಬ್ಯಾಟರಿಯನ್ನೂ ತೆಗೆದು, ಉಳಿದ ವಿದ್ಯುತ್ತು ಇಳಿಯುವಂತೆ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದು, ಅನಂತರ ತಳದ ಮುಚ್ಚಳ ಬಿಚ್ಚಬೇಕು. ಪಟ್ಟಿಯ ಇಕ್ಕೆಲಗಳ ಕೊಂಡಿಗಳನ್ನು ಹೊರಕ್ಕೆ ಸರಿಸಿದರೆ ಅದು ಓರೆಯಾಗಿ ಮೇಲೇಳುತ್ತದೆ. ಅಂಚನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಒಣಗಿದ ಮೇಲೆ ಅದೇ ಓರೆಯಲ್ಲಿ ತೂರಿಸಿ ಕೊಂಡಿ ಕಚ್ಚುವ ತನಕ ಒತ್ತಬೇಕು. ಎರಡು ಪಟ್ಟಿಗಳಿದ್ದರೆ ಒಂದೊಂದನ್ನೇ ಹಾಕಿ ನೋಡುವುದು ಉಚಿತ.

ಇಷ್ಟಕ್ಕೂ ಗುಣ ಕಾಣದೆ, ಚಳಿಯ ಮುಂಜಾನೆ ಏಳದ ಯಂತ್ರ ಕೊಂಚ ಬೆಚ್ಚಗಾದ ಮೇಲೆ ಏಳುವುದಾದರೆ, ಮದರ್‌ಬೋರ್ಡಿನ ಯಾವುದೋ ಬೆಸುಗೆ ಬಿರುಕು ಬಿಟ್ಟಿರಬಹುದು. ಬಿಸಿಗಾಳಿ ಹಾಯಿಸಿ ಸರಿಮಾಡುತ್ತೇವೆಂಬ ಭರವಸೆಯನ್ನು ನಾನು ನಂಬಲಾರೆ. ಆ ಗುಣ ಬಹುಮಟ್ಟಿಗೆ ತಾತ್ಕಾಲಿಕ. ಹಳೆಯ ಲ್ಯಾಪ್‌ಟಾಪಿಗೆ ನವಚೈತನ್ಯ ನೀಡುತ್ತೇವೆಂದು ಜಾಹೀರಾತು ಹಾಕುವ ತಂತ್ರಾಂಶಗಳಿಂದಲೂ ಈ ವ್ಯಾಧಿಗೆ ಪ್ರಯೋಜನವಿಲ್ಲ, ಏಕೆಂದರೆ ಡಿಸ್ಕಿನಲ್ಲಿರುವ ಯಾವ ತಂತ್ರಾಂಶವೂ ಇನ್ನೂ ಓಡಲು ತೊಡಗದ ಹಂತದಲ್ಲಿಯೇ ಯಂತ್ರ ನಿಂತುಹೋಗಿದೆ.

ತಯಾರಕರ ಲಾಂಛನ ಮೂಡಿದ ಮೇಲೆ ನಿಂತುಹೋದರೆ ಮಾತು ಬೇರೆ. ಆಗ ಶಂಕೆ ಡಿಸ್ಕಿನ ಕಡೆಗೆ ತಿರುಗುತ್ತದೆ, ಮುಂದಿನ ಸಲ ಯಂತ್ರ ಎದ್ದೊಡನೆ ಕಡತಗಳನ್ನು ಬೇರೆಡೆಗೆ ನಕಲಿಸುವುದೇ ಪ್ರಥಮ ಕಾರ್ಯ. ಪ್ರತಿ ಸಲವೂ ದಿನಾಂಕ ಹಿಂದಿನ ಯಾವುದೋ ವರ್ಷಕ್ಕೆ ಜಾರುತ್ತಿದ್ದರೆ, ಒಳಗಿರುವ ಮೂರು ವೋಲ್ಟಿನ ಪುಟ್ಟ ಸೆಲ್ಲು ಮುಗಿದಿದೆ. ಹಳೆಯ ಯಂತ್ರಗಳಲ್ಲಿ ಅದರೊಡನೆ ಬಯಾಸಿನ ಆಯ್ಕೆಗಳೂ ಅಳಿದು, ಯಾವ ಡಿಸ್ಕಿನಿಂದ ಆರಂಭಿಸಬೇಕೆಂಬುದೇ ತಪ್ಪಿಹೋಗುವುದುಂಟು. ಉಪಾಧ್ಯಾಯರು ಹೇಗೂ ತಳದ ಮುಚ್ಚಳವನ್ನು ಬಿಚ್ಚುವವರಾದುದರಿಂದ, ಸೆಲ್ಲು ಕೈಗೆಟಕುವಂತಿದ್ದರೆ ಅದನ್ನೂ ಆಗಲೇ ಬದಲಿಸಿಬಿಡಲಿ.