ಮೊಳಕಾಲ್ಮುರಿನ ಮಗ್ಗವೂ ಕರಡುಸಾಧನಗಳ ವಿವೇಚನೆಯೂ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮುರುಗಳು ನೆರೆಯ ತಾಲ್ಲೂಕುಗಳು. ಮೊದಲನೆಯದು ಉಣ್ಣೆಯ ಕಂಬಳಿಗೆ ಹೆಸರಾದುದು. ಎರಡನೆಯದು ರೇಷ್ಮೆಯ ಸೀರೆಗೆ. ಈ ಸೀರೆಗೆ 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ದೊರೆಯಿತು. ಒಂದು ವಸ್ತುವನ್ನು ನಿರ್ಮಿಸುವ ಮುನ್ನ ಅದರ ಕರಡನ್ನು ಯಾವ ಸಾಧನದಿಂದ ರಚಿಸತಕ್ಕದ್ದೆಂಬ ಪ್ರಶ್ನೆ ಇಂದು ತಂತ್ರಾಂಶಕಾರರಲ್ಲಿ ಚರ್ಚಿತವಾಗುತ್ತಿದೆ. ಅದರ ಸ್ವರೂಪವು ಈ ಎರಡು ಬಗೆಯ ಮಗ್ಗಗಳಿಂದ ಸ್ಪಷ್ಟಪಡುವುದು.

ಕಂಬಳಿಯಲ್ಲಿ ಉಣ್ಣೆಯ ಸಹಜವರ್ಣವೇ ಪ್ರಧಾನ; ಅಂಚಿನ ಕೆಲವು ಪಟ್ಟೆಗಳೇ ಅಲಂಕಾರ. ಹಾಸು ಹೂಡುವಾಗಲೇ ಪಟ್ಟೆಗಳ ಸ್ಥಾನವು ನಿಶ್ಚಿತವಾಗುವುದರಿಂದ ಇಲ್ಲಿ ನೇಕಾರನ ನೆನಪೇ ಕರಡು. ಬೇರೆ ಸಾಧನವು ಅನಾವಶ್ಯಕ.

ಸೀರೆಯ ಬುಟ್ಟಾ, ಸೆರಗುಗಳನ್ನು ಜಕಾರ್ಡ್ ಯಂತ್ರದಿಂದ ನೇಯುವಲ್ಲಿ ನೆನಪು ಸಾಲದು. 1804ರಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಯಂತ್ರದಲ್ಲಿ ಹೊಕ್ಕಿನ ಒಂದೊಂದು ಎಳೆಗೂ ಒಂದೊಂದು ರಟ್ಟು. ರಟ್ಟಿನಲ್ಲಿ ರಂಧ್ರವಿದ್ದಲ್ಲಿ ಹಾಸಿನ ಎಳೆ ಮೇಲೇಳುವುದು. ಆದುದರಿಂದ ಚಿತ್ರವನ್ನು ಮೊದಲು ಚೌಕುಳಿ ಕಾಗದದಲ್ಲಿ ಬರೆದು, ಅನಂತರ ರಟ್ಟುಗಳನ್ನು ಕೊರೆಯುವರು. ಕಾಗದದಲ್ಲಾದ ತಪ್ಪು ಅಳಿಸಿದರೆ ಹೋಗುವುದು. ರಟ್ಟಿನಲ್ಲಾದುದಕ್ಕೆ ಹೊಸ ರಟ್ಟು ಬೇಕು. ನೇಯ್ದ ಮೇಲೆ ಕಂಡುದಕ್ಕೆ ನೇಕಾರನ ದುಡಿಮೆ, ರೇಷ್ಮೆ, ಜರಿಗಳೇ ದಂಡವಾಗುವುವು.

ಆದರೆ ಸುಲಭಸಾಧನವೆಂಬ ಮಾತ್ರದಿಂದ ಕಾಗದವು ಎಲ್ಲಕ್ಕೂ ಪ್ರಮಾಣವಾಗದು. ಅಂಗುಲಕ್ಕೆ ಹಾಸಿನ 100 ಎಳೆಗಳೂ ಹೊಕ್ಕಿನ 80 ಎಳೆಗಳೂ ಇರುವುವೆಂದೂ, ಪ್ರತಿಯೊಂದು ಮನೆಯೂ ಒಂದು ಎಳೆಗೆ ಸಮವೆಂದೂ ಭಾವಿಸೋಣ. ಸಮಚೌಕದ ಕಾಗದದಲ್ಲಿ ಅಡ್ಡಕ್ಕೂ ಉದ್ದಕ್ಕೂ 80 ಮನೆಗಳುಳ್ಳ ವೃತ್ತವು ಬಟ್ಟೆಯಲ್ಲಿ 0.8 ಅಂಗುಲ ಅಗಲವೂ 1 ಅಂಗುಲ ಉದ್ದವೂ ಆಗಿ, ಅಂಡಾಕಾರವನ್ನು ತಾಳುವುದು. ಆದಕಾರಣ ಮನೆಗಳ ಪ್ರಮಾಣವೂ ನೇಯ್ಗೆಯ ಸಾಂದ್ರತೆಯನ್ನು ಅನುಸರಿಸಬೇಕು. ಹಾಸು ಹೊಕ್ಕುಗಳ ಬಣ್ಣಗಳು ಬೇರೆಯಾದಾಗ ಬೆಳಕಿಗೆ ತಕ್ಕಂತೆ ಹೊರಳುವ ಛಾಯೆಯನ್ನಂತೂ ಕಾಗದವಾಗಲಿ ಗಣಕಯಂತ್ರದ ಪರದೆಯಾಗಲಿ ಯಥಾವತ್ತಾಗಿ ತೋರಲಾರದು. ಅದಕ್ಕೆ ಮಗ್ಗದಲ್ಲಿ ಗೇಣುದ್ದ ನೇಯ್ದು ನೋಡುವುದೊಂದೇ ಉಪಾಯ.

ರಂಧ್ರವುಳ್ಳ ಈ ರಟ್ಟುಗಳ ತತ್ತ್ವವನ್ನೇ ಬ್ಯಾಬೇಜನು 1830ರ ದಶಕದಲ್ಲಿ ತನ್ನ ಗಣನಯಂತ್ರದ ಯೋಜನೆಗೆ ಅಳವಡಿಸಿದನು. ಮಗ್ಗಕ್ಕೂ ಗಣಕಕ್ಕೂ ಇರುವ ನಂಟು ಹಳೆಯದು. ತಂತ್ರಾಂಶದಲ್ಲಿ ಬಳಸುವವನು ಕಾಣುವ ಪರದೆಯ ರಚನೆಗೂ ಮೇಲಣ ನ್ಯಾಯವೇ ಸಲ್ಲುವುದು. ಯಾವ ಅಂಶವು ಎಲ್ಲಿರಬೇಕೆಂಬುದನ್ನು ನಿರ್ಣಯಿಸಲು ಸೀಸದಕಡ್ಡಿ, ಕಾಗದಗಳು ಸಾಕು. ಒಂದು ಪುಟದಿಂದ ಮತ್ತೊಂದಕ್ಕೆ ಸಾಗುವ ಕ್ರಮವನ್ನು ಪರೀಕ್ಷಿಸಲು, ಒತ್ತಿದೊಡನೆ ಬದಲಾಗುವ ಚಿತ್ರಗಳನ್ನು ಜೋಡಿಸಿಕೊಡುವ ಫಿಗ್ಮಾದಂಥ ಸಾಧನವು ಉಚಿತ. ಮಂದಗತಿಯ ಜಾಲದಲ್ಲಿ ಉತ್ತರವು ಎಷ್ಟು ತಡೆದು ಬರುವುದೆಂಬುದನ್ನು ಅರಿಯಲು ತಂತ್ರಾಂಶದ ಆ ಭಾಗವನ್ನು ನಿಜವಾಗಿ ಬರೆದು ನಡೆಯಿಸಲೇಬೇಕು.

ಸಾಧನದ ಶ್ರೇಷ್ಠತೆಯು ಅದರ ಗುಣಗಳ ಎಣಿಕೆಯಲ್ಲಿಲ್ಲ. ಕೇಳಬೇಕಾದ ಪ್ರಶ್ನೆಗೆ ಉತ್ತರವೀಯುವ ಸಾಧನಗಳಲ್ಲಿ, ತಿದ್ದುವ ವೆಚ್ಚವು ಯಾವುದರಲ್ಲಿ ಅತ್ಯಲ್ಪವೋ ಅದೇ ಗ್ರಾಹ್ಯವೆಂದು ನಿರ್ಣಯಿಸಬಹುದು.