ಕೆಟ್ಟ ಮೀಟರ್ ತೋರಿಸುವ ಸೊನ್ನೆ

ಪಂಪು ನಿಂತಿದೆ. ಮೂರು ಫೇಸೂ ಬರುತ್ತಿವೆಯೇ ಎಂದು ರೈತ ಮಲ್ಟಿಮೀಟರ್ ಹಿಡಿದು ನೋಡುತ್ತಾನೆ. ಮೀಟರ್ ಸೊನ್ನೆ ತೋರಿಸುತ್ತದೆ. ಕರೆಂಟ್ ಇಲ್ಲವೆಂದು ಸ್ಟಾರ್ಟರ್ ಪೆಟ್ಟಿಗೆಗೆ ಕೈ ಹಾಕುತ್ತಾನೆ. ಆದರೆ ಹೋದದ್ದು ಕರೆಂಟಲ್ಲ, ಮೀಟರಿನ ವೈರು! ಜೀವಕ್ಕೇ ಕುತ್ತು ತರುವ ತಪ್ಪು ಇದು.

ಆಳಂದ ತಾಲ್ಲೂಕಿನ ಸರಸಂಬಾದಂಥ ಊರಿನಿಂದ ಇಷ್ಟು ಚಿಕ್ಕ ಸಾಮಾನಿನ ರಿಪೇರಿಗೆ ಆಳಂದಕ್ಕೋ ಕಲಬುರಗಿಗೋ ಓಡಾಡುವುದು ಬೇಸರದ ಕೆಲಸ. ಕೆಲವು ದೋಷಗಳನ್ನು ಮನೆಯ ಮೇಜಿನ ಮೇಲೆಯೇ ತೆಗೆಯಬಹುದು.

ಮೊದಲು ವೈರು ನೋಡಿರಿ. ಗುಂಡಿಯನ್ನು 200 ಓಮ್ಸ್‌ಗೆ ತಿರುಗಿಸಿ ಎರಡೂ ಮೊನೆಗಳನ್ನು ಕೂಡಿಸಿದರೆ 1ರ ಆಸುಪಾಸು, ಇಲ್ಲವೆ ಅದಕ್ಕೂ ಕಡಿಮೆ ಅಂಕಿ ಬರಬೇಕು. ಪಿನ್ನಿನ ಬುಡದಲ್ಲಿ ವೈರನ್ನು ಅಲುಗಾಡಿಸಿದಾಗ ಅಂಕಿ ಕುಣಿದರೆ ತಾಮ್ರದ ಎಳೆ ಒಳಗೇ ತುಂಡಾಗಿದೆ. ಟೇಪು ಸುತ್ತಿ ಸಾಗಿಸಬೇಡಿರಿ, ಹೊಸ ಜೋಡಿ ವೈರು ಕೊಳ್ಳಿರಿ.

ಮುಂದೆ ಬ್ಯಾಟರಿ. ಸಾಮಾನ್ಯವಾಗಿ 9 ವೋಲ್ಟಿನದು ಇರುತ್ತದೆ. ಅದು ಇಳಿದಾಗ ಹಲವು ಮೀಟರುಗಳು ಇದ್ದುದಕ್ಕಿಂತ ಹೆಚ್ಚು ವೋಲ್ಟ್ ತೋರಿಸುತ್ತವೆ. ಸೋರಿ ಹಸಿರುಗಟ್ಟಿದ್ದರೆ ತಗಡಿನ ತುದಿಗಳನ್ನು ಸ್ಪಿರಿಟ್ಟಿನಿಂದ ಒರೆಸಿರಿ.

ವೋಲ್ಟ್ ಸರಿಯಾಗಿ ತೋರಿಸಿ ಮಿಲಿ ಆಂಪಿಯರ್ ಮಾತ್ರ ತೋರಿಸದಿದ್ದರೆ ಫ್ಯೂಸ್ ಸುಟ್ಟಿರಬಹುದು. ವೈರುಗಳನ್ನು ಕಿತ್ತ ಮೇಲೆಯೇ ಮೀಟರಿನ ಬೆನ್ನು ಬಿಚ್ಚಿರಿ. ಕೆಂಪು ವೈರನ್ನು ಆಂಪಿಯರ್ ತೂತಿನಲ್ಲೇ ಮರೆತು ಎರಡು ಫೇಸುಗಳಿಗೆ ಮುಟ್ಟಿಸುವುದು ಈ ದೋಷಕ್ಕೆ ದೊಡ್ಡ ಕಾರಣ. ಫೇಸುಗಳ ನಡುವೆ ಸುಮಾರು 400 ವೋಲ್ಟ್ ಇರುತ್ತದೆ. ಆ ತೂತಿನ ದಾರಿಯೋ ಬರೀ ತಂತಿ ಇದ್ದ ಹಾಗೆ. ಫ್ಯೂಸ್ ಬದಲಿಗೆ ತಾಮ್ರದ ಎಳೆ ಬಿಗಿಯುವುದು ನಮ್ಮಲ್ಲಿ ಹಳೆಯ ಚಾಳಿ. ಮೀಟರಿನಲ್ಲಿ ಅದು ಖಂಡಿತ ಕೂಡದು, ಮುಂದಿನ ಸಲ ಕೈಯಲ್ಲೇ ಸಿಡಿದೀತು. ಅಷ್ಟೇ ಆಂಪಿಯರ್, ಅಷ್ಟೇ ವೋಲ್ಟಿನ ಅದೇ ಜಾತಿಯ ಫ್ಯೂಸ್ ಹಾಕತಕ್ಕದ್ದು.

ಒಳಗಿನ ಹಲಗೆ ಕಪ್ಪಾಗಿ ತಾಮ್ರದ ಗೆರೆಗಳು ಸುಟ್ಟಿದ್ದರೆ ದುರಸ್ತಿಯ ಆಸೆ ಬಿಡಿರಿ. ಬೆಸುಗೆ ಹಾಕಿ ಜೀವ ಬರಿಸಿದರೂ ಅಂಥದನ್ನು ಟಾರ್ಚಿನ ಶೆಲ್ಲಿಗೆ ಬಳಸಬಹುದೇ ಹೊರತು ಸ್ಟಾರ್ಟರಿಗಲ್ಲ. ಸ್ಟಾರ್ಟರಿಗೆ ಕ್ಯಾಟ್ 3, 600 ವೋಲ್ಟ್ ಎಂಬ ಗುರುತಿನ ನಂಬಿಕಸ್ತ ಮೀಟರೇ ಬೇಕು.

ಸರಿಪಡಿಸಿದ ಮೀಟರನ್ನು 1.5 ವೋಲ್ಟಿನ ಹೊಸ ಶೆಲ್ಲಿನ ಮೇಲೆ, ಬಳಿಕ ಗುಂಡಿಯನ್ನು ಎ.ಸಿ. ವೋಲ್ಟಿಗೆ ತಿರುಗಿಸಿ ಮನೆಯ ಪ್ಲಗ್ಗಿನಲ್ಲಿ ನೋಡಿರಿ. 230ರ ಆಸುಪಾಸು ಬರಬೇಕು. ಸ್ಟಾರ್ಟರ್ ಬಿಚ್ಚುವ ದಿನವೂ ಹೀಗೆಯೇ. ಮೊದಲು ಕರೆಂಟ್ ಖಾತ್ರಿ ಇರುವ ಕಡೆ ಮೀಟರ್ ಮುಟ್ಟಿಸಿ, ಆಮೇಲೆ ಮೇನ್ ಸ್ವಿಚ್ ಇಳಿಸಿ ಸ್ಟಾರ್ಟರ್ ನೋಡಿ, ಪುನಃ ಕರೆಂಟ್ ಇರುವ ಕಡೆಯೇ ಮುಟ್ಟಿಸಬೇಕು. ಮೊದಲೂ ಕೊನೆಗೂ ಅಂಕಿ ಬಂದರೆ ಮಾತ್ರ ನಡುವಿನ ಸೊನ್ನೆ ನಿಜ.