ಕಾಣೋದು 7.50, ಒಳಗಿರೋದು 7.496

ಪ್ಲೇಸ್‌ಮೆಂಟ್‌ಗೆ ಬರುವ ಕಂಪನಿ 7.5 ಸಿಜಿಪಿಎ ಕಟ್-ಆಫ್ ಇಟ್ಟಿದೆ ಅಂದುಕೊಳ್ಳಿ. ಗ್ರೂಪಿನಲ್ಲಿ ಬಂದ ಶೀಟ್ ತೆರೆದರೆ ನಿಮ್ಮ ಹೆಸರಿನ ಮುಂದೆ 7.50 ಅಂತಲೇ ಇದೆ. ಆದರೆ '7.5 ಮತ್ತು ಮೇಲ್ಪಟ್ಟು' ಎಂದು ಫಿಲ್ಟರ್ ಹಾಕಿ ತೆಗೆದ ಪಟ್ಟಿಯಲ್ಲಿ ನಿಮ್ಮ ಹೆಸರೇ ಇಲ್ಲ. ಯಾರೋ ಬೇಕಂತಲೇ ಬಿಟ್ಟಿದ್ದಾರೆ ಅಂತ ಜಗಳಕ್ಕೆ ಹೋಗುವ ಮೊದಲು ಆ ಸೆಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿ, ಮೇಲಿನ ಫಾರ್ಮುಲಾ ಬಾರ್ ನೋಡಿ. ಅಲ್ಲಿ 7.496 ಅಂತ ಇರಬಹುದು. ಶೀಟ್ ತಯಾರಿಸಿದವರು ಚೆಂದ ಕಾಣಲಿ ಅಂತ ಎರಡು ದಶಮಾಂಶ ಸ್ಥಾನ ಸಾಕು ಎಂದಿದ್ದಾರೆ, ಎಕ್ಸೆಲ್ 7.50 ಎಂದು ತೋರಿಸಿದೆ, ಅಷ್ಟೇ. ಫಿಲ್ಟರ್‌ಗೆ ಚೆಂದ ಬೇಕಿಲ್ಲ. ಅದು ಒಳಗಿನ ಸಂಖ್ಯೆಯನ್ನೇ ಹೋಲಿಸುತ್ತೆ.

ಹೋಮ್ ಟ್ಯಾಬ್‌ನಲ್ಲಿ ಸೊನ್ನೆ ಮತ್ತು ಬಾಣದ ಗುರುತಿರುವ ಎರಡು ಪುಟ್ಟ ಬಟನ್‌ಗಳನ್ನು ಎಲ್ಲರೂ ನೋಡಿರುತ್ತೀರಿ. ಒಂದು ದಶಮಾಂಶ ಸ್ಥಾನ ಹೆಚ್ಚಿಸುತ್ತೆ, ಇನ್ನೊಂದು ಕಡಿಮೆ ಮಾಡುತ್ತೆ. ಇವುಗಳ ಕೆಲಸ ಬರೀ ಕಣ್ಣಿಗೆ ಸಂಬಂಧಿಸಿದ್ದು. ನೂರು ಸಲ ಒತ್ತಿದರೂ ಸೆಲ್ ಒಳಗಿನ ಬೆಲೆ ಒಂದು ಕೂದಲೆಳೆಯಷ್ಟೂ ಬದಲಾಗಲ್ಲ. ಬೆಲೆಯನ್ನೇ ಬದಲಾಯಿಸಬೇಕೆಂದರೆ ರೌಂಡ್ ಎಂಬ ಫಂಕ್ಷನ್ ಬೇಕು: =ರೌಂಡ್(ಎ2, 2). (ಫಾರ್ಮುಲಾಗಳನ್ನೂ ನಾವಿಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇವೆ, ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಿರಿ.) ಎರಡೂ ಒಂದೇ ಥರ ಕಾಣುತ್ತವೆ. ಒಂದು ವೇಷ ಹಾಕುತ್ತೆ, ಇನ್ನೊಂದು ಸಂಖ್ಯೆಯನ್ನೇ ಕೊಯ್ಯುತ್ತೆ.

ಇದೇನು ಮಹಾ ವಿಷಯ ಅನ್ನಿಸಿದರೆ ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯದ ಕತೆ ಕೇಳಿ. 1992ರ ಏಪ್ರಿಲ್ 5ರಂದು ಅಲ್ಲಿ ವಿಧಾನಸಭೆ ಚುನಾವಣೆ. ಅಲ್ಲಿನ ನಿಯಮದ ಪ್ರಕಾರ ಒಂದು ಪಕ್ಷಕ್ಕೆ ಕನಿಷ್ಠ 5 ಶೇಕಡಾ ಮತ ಬಿದ್ದರೆ ಮಾತ್ರ ಸಭೆಯಲ್ಲಿ ಜಾಗ. ಎಣಿಕೆ ಮುಗಿದಾಗ ಗ್ರೀನ್ ಪಕ್ಷಕ್ಕೆ 5.0 ಎಂದು ಪಟ್ಟಿಯಲ್ಲಿ ಅಚ್ಚಾಗಿತ್ತು. ಪಕ್ಷ ಒಳಗೆ ಬಂತು ಅಂತಲೇ ಎಲ್ಲರೂ ಅಂದುಕೊಂಡರು. ಮಧ್ಯರಾತ್ರಿ ದಾಟಿದ ಮೇಲೆ ಗೊತ್ತಾಯಿತು, ನಿಜವಾದ ಸಂಖ್ಯೆ 4.97. ಪಟ್ಟಿ ಅಚ್ಚು ಹಾಕುವ ಪ್ರೋಗ್ರಾಂ ಒಂದೇ ದಶಮಾಂಶ ಸ್ಥಾನ ತೋರಿಸುತ್ತಿತ್ತು. ಲೆಕ್ಕ ತಿದ್ದಿದಾಗ ಗ್ರೀನ್ ಪಕ್ಷ ಹೊರಗೆ ಬಿತ್ತು, ಎಸ್‌ಪಿಡಿ ಪಕ್ಷಕ್ಕೆ 89ರಲ್ಲಿ 45 ಸ್ಥಾನ ಸಿಕ್ಕಿ ಸ್ವಂತ ಬಹುಮತ ಬಂತು. ಅದು ಸ್ಪ್ರೆಡ್‌ಶೀಟ್ ಅಲ್ಲ ನಿಜ, ಆದರೆ ಎಡವಟ್ಟು ಇದೇ ಜಾತಿಯದು.

ಹಾಗಾದರೆ ರೌಂಡ್ ಮಾಡುವುದೇ ತಪ್ಪಾ? ಅಲ್ಲ. ಸಿವಿಲ್‌ನವರಿಗೆ ಪರಿಚಯವಿರುವ ಒಂದು ಉದಾಹರಣೆ ನೋಡೋಣ. 150 ಮಿಲಿಮೀಟರಿನ ಕಾಂಕ್ರೀಟ್ ಕ್ಯೂಬ್ 562 ಕಿಲೋನ್ಯೂಟನ್‌ಗೆ ಒಡೆಯಿತು. ವಿಸ್ತೀರ್ಣ 22,500 ಚದರ ಮಿಲಿಮೀಟರ್; ಭಾಗಿಸಿದರೆ 24.978. ಬೇಕಾದ್ದು 25. =ಇಫ್(ಬಿ2>=25, "ಪಾಸ್", "ಫೇಲ್") ಎಂದು ಬರೆದರೆ ಎಕ್ಸೆಲ್ ಮುಲಾಜಿಲ್ಲದೆ ಫೇಲ್ ಅನ್ನುತ್ತೆ. ಪಕ್ಕದ ಸೆಲ್‌ನಲ್ಲಿ 25.0 ಅಂತ ಕಾಣುತ್ತಿರುತ್ತೆ, ನೋಡಿದವರಿಗೆ ಕಕ್ಕಾಬಿಕ್ಕಿ.

ಈಗ ಐಎಸ್ 456:2000 ಪುಸ್ತಕದ ಮುನ್ನುಡಿ ತೆಗೆಯಿರಿ. ಬಹಳ ಜನ ಓದದೇ ಬಿಡುವ ಪುಟ ಅದು. ಪರೀಕ್ಷೆಯಲ್ಲಿ ಬಂದ ಅಂತಿಮ ಬೆಲೆಯನ್ನು ಐಎಸ್ 2:1960ರ ಪ್ರಕಾರ ರೌಂಡ್ ಮಾಡಿ, ಆಮೇಲೆ ಕೋಡ್ ಕೇಳಿದ ಬೆಲೆಯ ಜೊತೆ ಹೋಲಿಸಬೇಕು, ಕೋಡ್‌ನಲ್ಲಿ ಎಷ್ಟು ಸ್ಥಾನಗಳಿವೆಯೋ ಅಷ್ಟೇ ಉಳಿಸಿಕೊಳ್ಳಬೇಕು ಎಂಬ ಅರ್ಥದ ಮಾತು ಅಲ್ಲಿದೆ. ಕ್ಯೂಬ್ ಒಪ್ಪಿಕೊಳ್ಳುವುದಕ್ಕೆ ಬೇರೆ ಷರತ್ತುಗಳೂ ಇವೆ, ಅವನ್ನು ಸದ್ಯಕ್ಕೆ ಬದಿಗಿಡಿ. ರೌಂಡಿಂಗ್ ಒಂದನ್ನೇ ನೋಡಿದರೆ 24.978 ಇಲ್ಲಿ 25 ಆಗುವುದು ನ್ಯಾಯವೇ. ಜರ್ಮನಿಯಲ್ಲಿ 4.97 ಅನ್ನು 5 ಅನ್ನುವ ಹಾಗಿಲ್ಲ, ಇಲ್ಲಿ 24.978 ಅನ್ನು 25 ಅನ್ನಬಹುದು. ಗಣಿತ ಒಂದೇ, ನಿಯಮ ಬೇರೆ. ಮಿತಿ ಹಾಕಿದವರು ರೌಂಡಿಂಗ್ ಬಗ್ಗೆ ಏನು ಹೇಳಿದ್ದಾರೆ ಅನ್ನೋದನ್ನ ಮೊದಲು ಹುಡುಕಬೇಕು, ಫಾರ್ಮುಲಾ ಆಮೇಲೆ. ಸಿಜಿಪಿಎ ಪಟ್ಟಿಗೂ ಇದೇ ಮಾತು: 7.496 ಸಾಕೋ ಸಾಲದೋ ಎಂದು ಹೇಳಬೇಕಾದ್ದು ಕಟ್-ಆಫ್ ಇಟ್ಟವರು, ಶೀಟ್ ಮಾಡಿದವರ ಮೌಸ್ ಅಲ್ಲ.

ಐಎಸ್ 2 ವಿಷಯ ಬಂದಿದ್ದಕ್ಕೆ ಇನ್ನೊಂದು ಸೂಕ್ಷ್ಮ. ಸರಿಯಾಗಿ ಅರ್ಧಕ್ಕೆ ಬಂದು ನಿಂತರೆ ಏನು ಮಾಡಬೇಕು? ನಾವು ಶಾಲೆಯಲ್ಲಿ ಕಲಿತದ್ದು: 5 ಇದ್ದರೆ ಮೇಲಕ್ಕೆ. ಎಕ್ಸೆಲ್‌ನ ರೌಂಡ್ ಕೂಡ ಹಾಗೇ, 2.5 ಕೊಟ್ಟರೆ 3. ಋಣ ಸಂಖ್ಯೆಯಾದರೆ ಸೊನ್ನೆಯಿಂದ ದೂರಕ್ಕೆ, ಅಂದರೆ -2.5 ಹೋಗಿ -3. ಐಎಸ್ 2 ಹೇಳುವುದು ಬೇರೆ: 5ರ ಮುಂದೆ ಏನೂ ಇಲ್ಲದಿದ್ದರೆ ಹತ್ತಿರದ ಸಮಸಂಖ್ಯೆಗೆ ಹೋಗಬೇಕು. 2.5 ಇದ್ದರೆ 2, 3.5 ಇದ್ದರೆ 4. ಯಾವಾಗಲೂ ಮೇಲಕ್ಕೇ ತಳ್ಳುತ್ತಾ ಹೋದರೆ ಸಾವಿರಾರು ರೀಡಿಂಗ್‌ಗಳ ಸರಾಸರಿ ಸ್ವಲ್ಪ ಮೇಲಕ್ಕೆ ವಾಲುತ್ತೆ. ಸಮಸಂಖ್ಯೆಯ ನಿಯಮದಲ್ಲಿ ಅರ್ಧ ಸಲ ಮೇಲೆ, ಅರ್ಧ ಸಲ ಕೆಳಗೆ ಹೋಗಿ ತೂಕ ಸರಿಯಾಗುತ್ತೆ. ಪೈಥಾನ್ ಲ್ಯಾಬ್‌ನಲ್ಲಿ ರೌಂಡ್(2.5) ಕೊಟ್ಟು 2 ಬಂದಾಗ 'ಏನೋ ಬಗ್ ಇದೆ' ಅಂದುಕೊಂಡವರಿಗೆ ಉತ್ತರ ಇದೇ. ಎಕ್ಸೆಲ್‌ನಲ್ಲಿ ಪೂರ್ಣಾಂಕಕ್ಕೆ ಹೀಗೆ ಮಾಡಬೇಕೆಂದರೆ:

=ಇಫ್(ಮಾಡ್(ಎಬಿಎಸ್(ಎ2), 2)=0.5, ರೌಂಡ್‌ಡೌನ್(ಎ2, 0), ರೌಂಡ್(ಎ2, 0))

ಹಣದ ಲೆಕ್ಕಕ್ಕೆ ಮಾತ್ರ ಇದನ್ನು ಹಚ್ಚಬೇಡಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ ತೆರಿಗೆ ಮೊತ್ತದಲ್ಲಿ 50 ಪೈಸೆ ಅಥವಾ ಹೆಚ್ಚಿದ್ದರೆ ಅದು ಒಂದು ರೂಪಾಯಿ, ಕಡಿಮೆ ಇದ್ದರೆ ಬಿಟ್ಟುಬಿಡಬೇಕು. ಅಲ್ಲಿ ಎಕ್ಸೆಲ್‌ನ ಮಾಮೂಲಿ ರೌಂಡ್ ಸರಿಹೋಗುತ್ತೆ.

ರೌಂಡ್‌ನ ಬಂಧುಬಳಗ ದೊಡ್ಡದಿದೆ. ರೌಂಡ್‌ಅಪ್, ರೌಂಡ್‌ಡೌನ್ ಹೆಸರೇ ಹೇಳುತ್ತವೆ. ಎಂರೌಂಡ್ ಯಾವುದಾದರೂ ಗುಣಕಕ್ಕೆ ಹತ್ತಿರ ತರುತ್ತೆ, ಹತ್ತಿರದ 0.5ಕ್ಕೆ ಬೇಕೆಂದರೆ =ಎಂರೌಂಡ್(ಎ2, 0.5). ರೌಂಡ್‌ಗೆ ಎರಡನೇ ಸಂಖ್ಯೆಯಾಗಿ -2 ಕೊಟ್ಟರೆ 12,345 ಹೋಗಿ 12,300 ಆಗುತ್ತೆ, ಎಸ್ಟಿಮೇಟ್ ಬರೆಯುವಾಗ ಉಪಯೋಗಕ್ಕೆ ಬರುತ್ತೆ. ಇಂಟ್ ಮತ್ತು ಟ್ರಂಕ್ ಎರಡೂ ಒಂದೇ ಅಂದುಕೊಳ್ಳಬೇಡಿ: -2.5 ಕೊಟ್ಟರೆ ಇಂಟ್ -3 ಅನ್ನುತ್ತೆ, ಟ್ರಂಕ್ -2 ಅನ್ನುತ್ತೆ. ತಾಪಮಾನದ ವ್ಯತ್ಯಾಸ, ಬೆಂಡಿಂಗ್ ಮೊಮೆಂಟ್ ಇಂಥಲ್ಲಿ ಋಣ ಸಂಖ್ಯೆ ಬಂದೇ ಬರುತ್ತೆ, ನೋಡಿಕೊಳ್ಳಿ.

ಬಾಲ ಕತ್ತರಿಸುವ ಚಾಳಿ ಎಲ್ಲಿಗೆ ಮುಟ್ಟಿಸಬಹುದು ಅನ್ನೋದಕ್ಕೆ ಕೆನಡಾದ ವ್ಯಾಂಕೂವರ್ ಷೇರುಪೇಟೆ ಸಾಕ್ಷಿ. 1982ರಲ್ಲಿ 1000ದಿಂದ ಅಲ್ಲೊಂದು ಸೂಚ್ಯಂಕ ಶುರುವಾಯಿತು. ವಹಿವಾಟು ನಡೆದಾಗಲೆಲ್ಲ ಹೊಸ ಬೆಲೆ ಲೆಕ್ಕಹಾಕಿ, ಮೂರು ದಶಮಾಂಶದ ನಂತರ ಇದ್ದುದನ್ನು ರೌಂಡ್ ಮಾಡದೆ ಕತ್ತರಿಸಿ ಎಸೆಯುತ್ತಿದ್ದರು. ಪ್ರತಿ ಸಲ ಹೋಗುತ್ತಿದ್ದುದು 0.001ಕ್ಕಿಂತ ಕಡಿಮೆ. ಆದರೆ ದಿನಕ್ಕೆ ಸಾವಿರಾರು ಸಲ, ಯಾವಾಗಲೂ ಕೆಳಮುಖವಾಗಿಯೇ. 1983ರ ನವೆಂಬರ್ ಹೊತ್ತಿಗೆ ಸೂಚ್ಯಂಕ 524ರ ಹತ್ತಿರ ಬಂದು ಕೂತಿತ್ತು. ಸರಿಯಾಗಿ ಲೆಕ್ಕ ಹಾಕಿದರೆ 1098 ಇರಬೇಕಿತ್ತು.

ನಮ್ಮ ಲ್ಯಾಬ್ ರೆಕಾರ್ಡ್‌ಗಳಲ್ಲಿ ಇದರ ಚಿಕ್ಕ ತಮ್ಮ ಇರುತ್ತಾನೆ. ಟೆನ್ಷನ್ ಟೆಸ್ಟ್ ತೆಗೆದುಕೊಳ್ಳಿ. ಗೇಜ್ ಲೆಂಗ್ತ್ 200 ಮಿಲಿಮೀಟರ್, ಎಕ್ಸ್‌ಟೆನ್ಷನ್ 0.228 ಮಿಲಿಮೀಟರ್, ಹಾಗಾಗಿ ಸ್ಟ್ರೇನ್ 0.00114. ಸ್ಟ್ರೆಸ್ 227 ಇದ್ದರೆ ಯಂಗ್ಸ್ ಮಾಡ್ಯುಲಸ್ ಸುಮಾರು 1,99,123 ನ್ಯೂಟನ್ ಪ್ರತಿ ಚದರ ಮಿಲಿಮೀಟರ್ ಬರುತ್ತೆ. ಉಕ್ಕಿಗೆ ನಾವು ಪುಸ್ತಕದಲ್ಲಿ ಓದಿದ 2 ಲಕ್ಷಕ್ಕೆ ಹತ್ತಿರ, ವೈವಾದಲ್ಲಿ ಧೈರ್ಯವಾಗಿ ಹೇಳಬಹುದು. ಈಗ 'ನೀಟಾಗಿರಲಿ' ಅಂತ ಸ್ಟ್ರೇನ್ ಕಾಲಂಗೆ =ರೌಂಡ್(ಸಿ2, 3) ಹಾಕಿ: ಸ್ಟ್ರೇನ್ 0.001 ಆಯಿತು, ಮಾಡ್ಯುಲಸ್ 2,27,000ಕ್ಕೆ ಹಾರಿತು. ಮೂರರ ಬದಲು ಎರಡು ಸ್ಥಾನ ಸಾಕು ಎಂದರೆ ಸ್ಟ್ರೇನ್ ಸೊನ್ನೆ, ಮಾಡ್ಯುಲಸ್ ಜಾಗದಲ್ಲಿ ಸೊನ್ನೆಯಿಂದ ಭಾಗಿಸಿದ್ದೀರಿ ಎಂಬ ಎರರ್. ಮಷೀನ್ ಸರಿಯಿತ್ತು, ಸ್ಪೆಸಿಮನ್ ಸರಿಯಿತ್ತು, ಹಾಳಾಗಿದ್ದು ಒಂದು ಸೆಲ್‌ನಲ್ಲಿ. ಮಧ್ಯದ ಹೆಜ್ಜೆಗಳಲ್ಲಿ ಫಾರ್ಮ್ಯಾಟ್ ಎಷ್ಟು ಬೇಕಾದರೂ ಬದಲಿಸಿ, ರೌಂಡ್ ಹಾಕಬೇಡಿ. ಅದು ಕೊನೆಯ ಉತ್ತರಕ್ಕೆ, ಒಂದೇ ಸಲ.

ಒಂದೇ ಸಲ ಅಂತ ಒತ್ತಿ ಹೇಳೋದಕ್ಕೆ ಕಾರಣ ಇದೆ. 39.46 ಅಂಕವನ್ನು ಒಂದು ಸ್ಥಾನಕ್ಕೆ ರೌಂಡ್ ಮಾಡಿ 39.5, ಅದನ್ನು ಮತ್ತೆ ಪೂರ್ಣಾಂಕಕ್ಕೆ ತಂದರೆ 40. ನೇರವಾಗಿ ಮಾಡಿದರೆ 39. ಪಾಸಾಗಲು 40 ಬೇಕಿದ್ದರೆ ಇದು ಸಣ್ಣ ವಿಷಯವಲ್ಲ, ಯಾರಿಗೆ ಲಾಭವಾದರೂ ಸರಿ.

ಫಾರ್ಮ್ಯಾಟ್‌ಗೂ ಅದರದೇ ಮರ್ಯಾದೆ ಇದೆ. 0.02 ಮಿಲಿಮೀಟರ್ ಲೀಸ್ಟ್ ಕೌಂಟ್ ಇರುವ ವರ್ನಿಯರ್‌ನಲ್ಲಿ 12.40 ಓದಿದ್ದೀರಿ. ಎಕ್ಸೆಲ್ ಆ ಕೊನೆಯ ಸೊನ್ನೆ ತಿಂದುಹಾಕಿ 12.4 ಎಂದು ತೋರಿಸುತ್ತೆ. ಆ ಸೊನ್ನೆ ಅಲಂಕಾರಕ್ಕಲ್ಲ, ಅಷ್ಟು ಸೂಕ್ಷ್ಮವಾಗಿ ಅಳೆದಿದ್ದೇವೆ ಎಂಬ ಮಾಹಿತಿ ಅದು. ಇಲ್ಲಿ ಎರಡು ಸ್ಥಾನದ ಫಾರ್ಮ್ಯಾಟ್ ಹಾಕಲೇಬೇಕು. ಆದರೆ ಟೆಕ್ಸ್ಟ್ ಫಂಕ್ಷನ್ ಹಾಕಿ ಆ ಸೊನ್ನೆ ತರಿಸಬೇಡಿ. ಅದು ಸಂಖ್ಯೆಯನ್ನು ಬರಹವಾಗಿ ಬದಲಿಸುತ್ತೆ. ಕೆಳಗೆ ಸಮ್ ಹಾಕಿದರೆ ಆ ಸೆಲ್‌ಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳಲ್ಲ. ಅಂಕಿ ಸೆಲ್‌ನ ಎಡಕ್ಕೆ ಅಂಟಿಕೊಂಡಿದ್ದರೆ ಹುಷಾರಾಗಿ.

ಇನ್ನು ದಶಮಾಂಶವನ್ನು ಮುಟ್ಟದೇ ಇದ್ದರೂ ಬರುವ ಒಂದು ತಲೆನೋವು. ಖಾಲಿ ಸೆಲ್‌ನಲ್ಲಿ =(43.1-43.2)+1 ಹೊಡೆದು ಹದಿನೈದು ಸ್ಥಾನ ತೋರಿಸಿ. 0.9 ಬರಲ್ಲ, 0.899999999999999 ಬರುತ್ತೆ. ಎಕ್ಸೆಲ್ ಸಂಖ್ಯೆಗಳನ್ನು 64 ಬಿಟ್‌ನ ಬೈನರಿಯಲ್ಲಿ ಇಡುತ್ತೆ. ನಮಗೆ ಮೂರನೇ ಒಂದು ಭಾಗ ಹೇಗೆ 0.333 ಅಂತ ಮುಗಿಯದೇ ಹೋಗುತ್ತೋ, ಬೈನರಿಗೆ ಹತ್ತನೇ ಒಂದು ಭಾಗವೂ ಹಾಗೇ ಮುಗಿಯಲ್ಲ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ಜವಾಬ್ದಾರಿ ಹೊರುತ್ತೆ. 16 ಅಂಕಿಯ ಸಂಖ್ಯೆ ಟೈಪ್ ಮಾಡಿದರೆ ಕೊನೆಯದು ಸೊನ್ನೆಯಾಗುತ್ತೆ, ಬೇಕಾದರೆ ನೋಡಿ. ಆದ್ದರಿಂದ =43.2-43.1=0.1 ಎಂದು ಕೇಳಿದರೆ 'ಫಾಲ್ಸ್' ಅನ್ನುವುದು ಎಕ್ಸೆಲ್‌ನ ಮೊಂಡುತನವಲ್ಲ. ಹೋಲಿಸುವ ಮೊದಲು ರೌಂಡ್ ಮಾಡಿ: =ರೌಂಡ್(43.2-43.1, 10)=0.1. ಮಧ್ಯದಲ್ಲಿ ರೌಂಡ್ ಬೇಡ ಎಂದವರೇ ಇಲ್ಲಿ ಹಾಕಿ ಅನ್ನುತ್ತಿದ್ದೇವೆ ನಿಜ. ಹತ್ತನೇ ಸ್ಥಾನದಲ್ಲಿ ಕೊಯ್ಯುವಾಗ ಹೋಗುವುದು ಕಸ ಮಾತ್ರ, ಅಳತೆ ಅಲ್ಲ.

ಫೆಸ್ಟ್ ಲೆಕ್ಕ ನೋಡಿಕೊಳ್ಳುವವರಿಗೆ ಒಂದು ಮಾತು. 5,000 ರೂಪಾಯಿಯನ್ನು ಏಳು ತಂಡಕ್ಕೆ ಹಂಚಿ, ದಶಮಾಂಶ ಕಾಣದಂತೆ ಫಾರ್ಮ್ಯಾಟ್ ಮಾಡಿದರೆ ಏಳು ಸಾಲಿನಲ್ಲೂ 714, ಕೆಳಗೆ ಮೊತ್ತ 5,000. ಕ್ಯಾಲ್ಕುಲೇಟರ್ ಹಿಡಿದವರು ಕೂಡಿದರೆ 4,998. ಎರಡು ರೂಪಾಯಿ ಯಾರು ತಿಂದರು ಅಂತ ಶುರುವಾಗುತ್ತೆ. ಪೈಸೆವರೆಗೆ ರೌಂಡ್ ಮಾಡಿದರೆ ಒಬ್ಬೊಬ್ಬರದು 714.29, ಕೂಡಿದರೆ 5,000.03. ಯಾವ ಫಂಕ್ಷನ್ನೂ ಇದನ್ನು ಬಿಡಿಸಲ್ಲ. ಆರು ತಂಡಕ್ಕೆ ರೌಂಡ್ ಮಾಡಿದ 714 ಹಾಕಿ, ಏಳನೆಯ ಸೆಲ್‌ನಲ್ಲಿ 5,000ದಿಂದ ಆ ಆರರ ಮೊತ್ತ ಕಳೆಯಿರಿ. ಅದು 716 ಆಗುತ್ತೆ. ಆ ಎರಡು ರೂಪಾಯಿ ಹೆಚ್ಚಿಗೆ ಯಾರು ಕೊಡೋದು ಅಂತ ಮೊದಲೇ ಮಾತಾಡಿಕೊಳ್ಳಿ.

ಎಕ್ಸೆಲ್‌ನ ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ 'ಸೆಟ್ ಪ್ರಿಸಿಷನ್ ಆ್ಯಸ್ ಡಿಸ್‌ಪ್ಲೇಯ್ಡ್' ಎಂಬ ಟಿಕ್ ಇದೆ. ಕಾಣುವುದೂ ಒಳಗಿರುವುದೂ ಒಂದೇ ಆಗಿಬಿಡುತ್ತೆ, ಎಲ್ಲ ತಲೆನೋವೂ ಮುಗೀತು ಅನ್ನಿಸುತ್ತೆ. ಆದರೆ ಅದು ಇಡೀ ವರ್ಕ್‌ಬುಕ್‌ಗೆ ಅನ್ವಯಿಸುತ್ತೆ, ಟೈಪ್ ಮಾಡಿಟ್ಟ ರೀಡಿಂಗ್‌ಗಳ ಹೆಚ್ಚಿನ ಅಂಕಿಗಳು ಶಾಶ್ವತವಾಗಿ ಹೋಗುತ್ತವೆ, ಟಿಕ್ ತೆಗೆದರೂ ವಾಪಸ್ ಬರಲ್ಲ. ನಮ್ಮ ಅಭಿಪ್ರಾಯ ಕೇಳಿದರೆ, ಅದರ ಹತ್ತಿರ ಹೋಗದಿರುವುದೇ ವಾಸಿ.

ಇದೇ ನಷ್ಟ ಸದ್ದಿಲ್ಲದೆ ಆಗುವ ಇನ್ನೊಂದು ಜಾಗ ಸಿಎಸ್‌ವಿ ಫೈಲ್. ಡೇಟಾವನ್ನು ಪೈಥಾನ್‌ಗೋ ಮ್ಯಾಟ್‌ಲ್ಯಾಬ್‌ಗೋ ಒಯ್ಯಲು ಎಕ್ಸೆಲ್‌ನಿಂದ ಸಿಎಸ್‌ವಿ ಮಾಡಿದಾಗ, ಸೆಲ್‌ನಲ್ಲಿ ಏನು ಕಾಣುತ್ತಿದೆಯೋ ಅದೇ ಫೈಲ್‌ಗೆ ಹೋಗುತ್ತೆ. 0.00 ಎಂದು ಕಾಣುತ್ತಿದ್ದ ಸ್ಟ್ರೇನ್, ಫೈಲ್‌ನಲ್ಲೂ 0.00. ಅಲ್ಲಿಯವರೆಗೆ ಬರೀ ವೇಷವಾಗಿದ್ದ ಫಾರ್ಮ್ಯಾಟ್ ಅಲ್ಲಿ ನಿಜವೇ ಆಗಿಬಿಡುತ್ತೆ. ಸೇವ್ ಮಾಡುವ ಮುಂಚೆ ಆ ಕಾಲಂಗಳನ್ನು ಆರಿಸಿ, ದಶಮಾಂಶ ಹೆಚ್ಚಿಸುವ ಬಟನ್ ನಾಲ್ಕಾರು ಸಲ ಒತ್ತಿ, ಅಳೆದ ಅಂಕಿಗಳೆಲ್ಲ ಕಾಣುವವರೆಗೆ. ಮೂಲ ಶೀಟ್ ಅನ್ನು ಅಳಿಸದೆ ಪಕ್ಕದಲ್ಲೇ ಇಟ್ಟುಕೊಳ್ಳಿ.